ಫಕ್ಕೀರವ್ವನ ಕೆಂಪು ತತ್ತಿ

ಫಕ್ಕೀರವ್ವನ ಕೈ ನೋಡಿದರೆ ಸಾಕು, ಅವಳು ಏನು ಕೆಲಸ ಮಾಡಿ ಬಂದವಳು ಎಂದು ಬ್ಯಾಡಗಿಯಲ್ಲಿ ಯಾರೂ ಕೇಳುವುದಿಲ್ಲ. ಬೆರಳ ತುದಿಗಳು ಚಪ್ಪಟೆಯಾಗಿ, ಉಗುರಿನ ಸುತ್ತ ಕಂದುಗೆಂಪು ಬಣ್ಣ ಕಟ್ಟಿಕೊಂಡಿದೆ. ಎಷ್ಟು ತಿಕ್ಕಿದರೂ ಅದು ಹೋಗುವುದಿಲ್ಲ. ಕುಪ್ಪೇಲೂರಿನಿಂದ ಸೊಸೆಯಾಗಿ ಬಂದ ವರ್ಷವೇ ಅವಳು ಅತ್ತೆಯ ಪಕ್ಕ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸಲು ಕಲಿತಳು. ಹೊಸದರಲ್ಲಿ ಕೈ ಎಷ್ಟು ಉರಿಯುತ್ತಿತ್ತೆಂದರೆ, ತಣ್ಣನೆಯ ಕೊಡಕ್ಕೆ ಅಂಗೈ ಒತ್ತಿಕೊಂಡು ಅಳುತ್ತಿದ್ದಳು. ಬರಬರುತ್ತ ಉರಿ ನಿಂತಿತು, ನಾಲಿಗೆಗೂ ಖಾರ ತಟ್ಟದಾಯಿತು. ಕೈ ಪಳಗಿತು ಎಂದು ಜೊತೆಯ ಹೆಂಗಸರು ಹೇಳಿದರು. ದೇವರು ಕೊಟ್ಟ ವರವೆಂದೇ ಅವಳು ಅದನ್ನು ತಿಳಿದಳು.

ಕೈ ಪಳಗಿತು, ಎದೆ ಮಾತ್ರ ಪಳಗಲಿಲ್ಲ. ಕಾಯಿಯ ಧೂಳು ಒಳಗೆ ಹೊಕ್ಕು ಕೆಮ್ಮು ಹತ್ತಿತು. ಮಾತಿನ ನಡುವೆ ಉಸಿರು ಸಿಕ್ಕಿಕೊಳ್ಳತೊಡಗಿತು. ಮಗ ದುರುಗೇಶ ಅವಳನ್ನು ಹಾವೇರಿಗೆ ಕರೆದುಕೊಂಡು ಹೋಗಿ ತೋರಿಸಿದ. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, "ಅವ್ವಾರ, ಒಂದು ಆ ಕೆಲಸ ಬಿಡ್ರಿ, ಇಲ್ಲಾ ನನ್ನ ಔಷಧ ಬಿಡ್ರಿ. ಎರಡೂ ಕೂಡಿ ನಡಿಯಂಗಿಲ್ಲ" ಅಂದರು. ಆದರೆ ಬ್ಯಾಡಗಿಯಲ್ಲಿ ಓದು ಬರದ ಹೆಂಗಸಿಗೆ ಮೆಣಸಿನಕಾಯಿ ಬಿಟ್ಟು ಬೇರೆ ಕೆಲಸ ಎಲ್ಲಿದೆ?

ಅಂಥದರಲ್ಲಿ ಮೋಟೆಬೆನ್ನೂರು ರಸ್ತೆಯ ಪುಟಾಣಿ ಮಕ್ಕಳ ಶಾಲೆಯಲ್ಲಿ ಆಯಾ ಬೇಕು ಎಂಬ ಸುದ್ದಿ ಬಂತು. ಫಕ್ಕೀರವ್ವ ತೊಳೆದ ಸೀರೆ ಉಟ್ಟು, ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ನಿಂತಳು. ಕೆಲಸ ಸಿಕ್ಕಿತು. ಮಕ್ಕಳ ಮೂಗು ಒರೆಸುವುದು, ಬುತ್ತಿ ಉಣಿಸುವುದು, ಅಳುವ ಕೂಸನ್ನು ಎತ್ತಿಕೊಳ್ಳುವುದು, ಇಷ್ಟೇ ಕೆಲಸ. ಮಕ್ಕಳು ಅವಳನ್ನು ಆಯಿ ಎಂದು ಕರೆದವು. ಕೆಲವು ತಿಂಗಳಲ್ಲಿ ಕೆಮ್ಮು ಇಳಿಯಿತು. ಮೆಟ್ಟಿಲು ಹತ್ತಿದರೂ ಮಾತಾಡುವಷ್ಟು ಉಸಿರು ಉಳಿಯಿತು.

ಆ ಮಕ್ಕಳಲ್ಲಿ ಋಷಿಕೇಶ ಎಂಬ ನಾಲ್ಕು ವರ್ಷದ ಹುಡುಗನಿದ್ದ. ಅವನ ತಂದೆತಾಯಿ ಇಬ್ಬರಿಗೂ ರಾಣೇಬೆನ್ನೂರಿನಲ್ಲಿ ನೌಕರಿ. ಬೆಳಿಗ್ಗೆ ಅಜ್ಜಿ ಗೋದೂಬಾಯಿ ತಂದು ಬಿಟ್ಟು ಹೋದ ಕೂಡಲೇ ಅವನ ಬಾಯಿ ತೆರೆಯುತ್ತಿತ್ತು. ಫಕ್ಕೀರವ್ವ ಎತ್ತಿಕೊಂಡು ಹೆಗಲಿಗೆ ಹಾಕಿಕೊಂಡರೆ, ಅವಳ ಕಿವಿಯ ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಹಿಂಡುತ್ತ ಸುಮ್ಮನಾಗುತ್ತಿದ್ದ. ಬೇರೆ ಯಾರ ಕಿವಿಯೂ ಅವನಿಗೆ ನಡೆಯುತ್ತಿರಲಿಲ್ಲ.

ಬೇಸಿಗೆ ರಜೆಗೆ ಮುಂಚೆ ಒಂದು ದಿನ ಪದ್ಮಜಾ ಟೀಚರ್ ಫೋನಿನಲ್ಲಿ ಚಿತ್ರಗಳನ್ನು ತೋರಿಸಿದರು. ಹಾವೇರಿಯಿಂದ ದಿನಾ ಬಸ್ಸಿನಲ್ಲಿ ಬರುವ ಪದ್ಮಜಾ ಈ ಶಾಲೆಯ ಮುಖ್ಯ ಟೀಚರು.

"ನೋಡ್ರಿ ಫಕ್ಕೀರವ್ವ, ರಾಣೇಬೆನ್ನೂರಿನ ಸಾಲ್ಯಾಗ ಹೋದ ವರ್ಷ ಈಸ್ಟರ್ ಮಾಡ್ಯಾರ. ನಮ್ಮ ಪಾಲಕರು ಇದನ್ನ ನೋಡಿ ನಾವ್ಯಾಕ ಮಾಡೂದಿಲ್ಲ ಅನ್ನಾಕತ್ತಾರ."

"ಹಂಗಂದ್ರ ಏನ್ರಿ ಟೀಚರ್?"

"ಏಸು ಸತ್ತು ಮೂರನೇ ದಿನಕ್ಕ ಎದ್ದು ಬಂದ ಅಂತ ಮಾಡೋ ಹಬ್ಬ. ತತ್ತಿಗೆ ಬಣ್ಣ ಹಚ್ಚತಾರ. ಮೊಲ ಬಂದು ಆ ತತ್ತಿ ಬಚ್ಚಿಡತದಂತ, ಮಕ್ಕಳು ಹುಡುಕಬೇಕು."

"ಮೊಲ ತತ್ತಿ ಇಡತೈತೇನ್ರಿ?"

"ಇಡೂದಿಲ್ಲ. ತರತದ ಅಷ್ಟ."

"ಮತ್ತ ಯಾರ್ದು ತರತೈತಿ? ಕೋಳೀದು ಕದಿತೈತೇನು?"

ಪದ್ಮಜಾ ನಕ್ಕುಬಿಟ್ಟರು. "ನೀವು ಕೇಳಿದಂಗ ಮಕ್ಕಳೂ ಕೇಳತಾವ. ನನಗ ಉತ್ತರ ಬರಂಗಿಲ್ಲ ನೋಡ್ರಿ."

ಮೊಲದ ಚಿತ್ರಕ್ಕೆ ತೊಂದರೆ ಇರಲಿಲ್ಲ. ಝೆರಾಕ್ಸ್ ಮಾಡಿಸಿದ ಹಾಳೆಗಳಲ್ಲಿ ಮಕ್ಕಳು ಮೊಲಕ್ಕೆ ನೀಲಿ, ಹಸಿರು, ಕಂಡ ಕಂಡ ಬಣ್ಣ ತಿಕ್ಕಿದರು. ರಟ್ಟು ಕತ್ತರಿಸಿ ಉದ್ದ ಕಿವಿ ಮಾಡಿ ತಲೆಗೆ ಕಟ್ಟಿಕೊಂಡರು. ತೊಂದರೆ ಬಂದದ್ದು ತತ್ತಿಗೆ. ಮೊಮ್ಮಗನನ್ನು ಕರೆಯಲು ಬಂದ ಗೋದೂಬಾಯಿ ಬಾಗಿಲಲ್ಲೇ ನಿಂತು, "ನಮ್ಮ ಮನೀ ಹೊಸ್ತಿಲಾ ತತ್ತಿ ದಾಟಿಲ್ಲವಾ, ಇಲ್ಲೆ ಕೂಸಿನ ಕೈಯಾಗ ಕೊಡ್ತೀರೇನು?" ಎಂದು ಕೇಳಿದರು. ಇನ್ನೂ ಹಲವರು ಅದನ್ನೇ ಹೇಳಿದರು. ಅದರ ಮೇಲೆ ಅಂಗಡಿಯ ಬಣ್ಣವೂ ಬೇಡ ಎಂದರು. ಹೋಳಿಯಲ್ಲಿ ಒಬ್ಬ ಹುಡುಗಿಯ ಮೈ ಮೇಲೆ ಗುಳ್ಳೆ ಎದ್ದದ್ದು ಎಲ್ಲರಿಗೂ ನೆನಪಿತ್ತು. ಮನೆಯಲ್ಲಿ ಮಾಡಿದ ಬಣ್ಣವೇ ಆಗಬೇಕು ಎಂದರು.

ಪದ್ಮಜಾ ತಲೆ ಹಿಡಿದುಕೊಂಡು ಕುಳಿತಾಗ ಫಕ್ಕೀರವ್ವ ಮೆಲ್ಲಗೆ ಬಾಯಿಬಿಟ್ಟಳು. "ಮಣ್ಣೆತ್ತಿನ ಅಮಾಸಿಗೆ ಎತ್ತು ಮಾಡಂಗಿಲ್ಲೇನ್ರಿ? ಹಂಗ ಮಣ್ಣಿನ ತತ್ತಿ ಮಾಡಿದ್ರ? ಬಣ್ಣಾನೂ ನಾನ ಮಾಡ್ಕೊಂಡ ಬರ್ತೇನ್ರಿ."

ಶಾಲೆಯಲ್ಲಿ ಅವಳು ತಾನಾಗಿ ಮಾತಾಡಿದ್ದು ಅದೇ ಮೊದಲು. ಪದ್ಮಜಾ ಅವಳ ಕೈ ಹಿಡಿದು, "ನನ್ನ ಮರ್ಯಾದಿ ಉಳಿಸಿದ್ರಿ ನೋಡ್ರಿ" ಅಂದರು. ಆ ಮಾತು ಮನೆ ಮುಟ್ಟುವ ತನಕ ಫಕ್ಕೀರವ್ವನ ಕಿವಿಯಲ್ಲೇ ಇತ್ತು. ಇದೊಂದು ಚೆನ್ನಾಗಿ ನಡೆದರೆ ಜೂನಿನಲ್ಲಿ ಶಾಲೆ ಸುರುವಾದಾಗ ತನ್ನನ್ನು ಯಾರೂ ಬೇಡ ಅನ್ನಲಾರರು, ಮತ್ತೆ ಕಾಯಿಯ ರಾಶಿಯ ಮುಂದೆ ಕೂರುವ ಪಾಳಿ ಬರಲಾರದು ಎಂದು ಅವಳಿಗೆ ಅನ್ನಿಸಿತು.

ಕೆರೆಯ ಮಣ್ಣು ತಂದು ಹದ ಮಾಡಿ ತತ್ತಿಗಳನ್ನು ತಿದ್ದಿದಳು. ಬಿರಿಯಬಾರದೆಂದು ನೆರಳಿನಲ್ಲಿ ಒಣಗಿಸಿ, ಮೇಲೆ ಬಿಳಿಮಣ್ಣಿನ ನೀರು ಬಳಿದಳು. ಅರಿಷಿಣದಿಂದ ಹಳದಿ ಆಯಿತು. ಪಾಲಕ್ ಸೊಪ್ಪಿನಿಂದ ಹಸಿರು ಆಯಿತು. ಕೆಂಪಿಗೆ ಬೀಟ್‌ರೂಟ್ ಅರೆದು ಹಚ್ಚಿ ನೋಡಿದಳು. ಅದು ಒಣಗಿ ಕೊಳೆ ಮೆತ್ತಿದ ಹಾಗೆ ಕಾಣಿಸಿತು.

ಕೆಂಪು ಅಂದರೆ ಬ್ಯಾಡಗಿಯವರಿಗೆ ಬೇರೆ ಏನು ಹೊಳೆಯಬೇಕು? ಊರಿನ ಕಾಯಿ ಹೆಸರಾದದ್ದೇ ಬಣ್ಣಕ್ಕೆ, ಖಾರಕ್ಕಲ್ಲ. ಫಕ್ಕೀರವ್ವ ಹಳೆಯ ಪರಿಚಯದ ಬುಡನಸಾಬನ ಅಂಗಡಿಗೆ ಹೋಗಿ, ಖಾರ ಕಡಿಮೆ ಇರುವ ಡಬ್ಬಿ ಕಾಯಿ ಕೇಳಿದಳು.

"ಏನವ್ವಾ, ಕಾಯಿ ಬಿಟ್ಟು ಓಡಿ ಹೋದಾಕಿ ಮತ್ತ ಬಂದೀಯಲ್ಲ!" ಬುಡನಸಾಬ ನಕ್ಕ. "ಸಾಲಿ ಹುಡುಗ್ರಿಗೆ ಒಗ್ಗರಣಿ ಹಾಕ್ತೀಯೇನು?"

"ಒಗ್ಗರಣಿ ಅಲ್ಲೋ ಅಣ್ಣಾ, ಬಣ್ಣ ಮಾಡಾಕತ್ತೇನಿ. ಸಿಪ್ಪಿ ಸುಕ್ಕು ಚಂದ ಇರೂದು ಆರಿಸಿ ಕೊಡು."

ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಂದೊಂದು ಕಾಯಿಯನ್ನೂ ಸೀಳಿದಳು. ಬೀಜ ತೆಗೆದಳು, ಬೀಜ ಹಿಡಿದಿದ್ದ ಬಿಳಿ ಎಳೆಯನ್ನೂ ಬಿಡದೆ ಕೆರೆದಳು. ಸಿಪ್ಪೆಯನ್ನು ತೊಳೆದು ಒಣಗಿಸಿದಳು. ನೀರಿನಲ್ಲಿ ಕಾಯಿ ಬಣ್ಣ ಬಿಡುವುದಿಲ್ಲ, ಎಣ್ಣೆಯಲ್ಲಿ ಬಿಡುತ್ತದೆ. ಉಗುರುಬೆಚ್ಚಗಿನ ಶೇಂಗಾ ಎಣ್ಣೆಯಲ್ಲಿ ಸಿಪ್ಪೆ ನೆನೆಹಾಕಿ ಬಟ್ಟೆಯಲ್ಲಿ ಸೋಸಿದಾಗ, ಬಟ್ಟಲಿನಲ್ಲಿ ಕೆಂಪು ಎಷ್ಟು ಗಾಢವಾಗಿ ನಿಂತಿತೆಂದರೆ ಸೊಸೆ ಸುನಿತಾ ಒಲೆ ಬಿಟ್ಟು ಬಂದು ನೋಡಿದಳು.

ಫಕ್ಕೀರವ್ವ ಬೆರಳ ತುದಿಗೆ ಎಣ್ಣೆ ಹಚ್ಚಿಕೊಂಡು ಕಾದು ನೋಡಿದಳು. ಉರಿಯಲಿಲ್ಲ. ನಾಲಿಗೆಗೆ ಮುಟ್ಟಿಸಿದಳು. ಖಾರ ಹತ್ತಲಿಲ್ಲ. ಸುನಿತಾಳಿಗೂ ಕೊಟ್ಟಳು. "ಬರೇ ಎಣ್ಣಿ ಇದ್ದಂಗ ಐತ್ರಿ ಅತ್ತಿ" ಎಂದಳು ಸುನಿತಾ. ಅವಳೂ ಮನೆಯಲ್ಲೇ ಕುಳಿತು ಕಾಯಿ ಬಿಡಿಸುವವಳು.

ಮರುದಿನ ಶಾಲೆಯಲ್ಲಿ ಬಟ್ಟಲು ನೋಡಿ ಪದ್ಮಜಾ, "ಇದು ಕಾಯೀದಾ? ಖಾರ ಇರಂಗಿಲ್ಲೇನು?" ಎಂದು ಕೇಳಿದರು. ಫಕ್ಕೀರವ್ವ ಅವರ ಎದುರೇ ಮತ್ತೊಮ್ಮೆ ನಾಲಿಗೆಗೆ ಹಚ್ಚಿಕೊಂಡು ತೋರಿಸಿದಳು. "ನೋಡ್ರಿ, ಒಂದ ಚೂರೂ ಇಲ್ರಿ. ಎಲ್ಲಾ ಕೆರದು ತಗದೇನಿ." ಪದ್ಮಜಾ ಮುಂಗೈ ಮೇಲೆ ಒಂದು ಹನಿ ಸವರಿಕೊಂಡು, ಏನೂ ಅನ್ನಿಸದೆ, "ಖರೇನ ಭಾಳ ಚಂದ ಬಣ್ಣ" ಅಂದರು.

ಬೇವಿನ ಮರದ ಕೆಳಗೆ ಚಾಪೆ ಹಾಸಿ ಮಕ್ಕಳನ್ನು ಕೂರಿಸಿದರು. ಹತ್ತಿಯ ಉಂಡೆ ಅದ್ದಿ ಹಚ್ಚಿರಿ ಎಂದರೆ ಯಾರು ಕೇಳುತ್ತಾರೆ? ಎಲ್ಲ ಬೆರಳೂ ಬಟ್ಟಲಿನೊಳಗೆ ಇಳಿದವು. ಹಳದಿಯನ್ನೂ ಹಸಿರನ್ನೂ ಬಿಟ್ಟು ಎಲ್ಲರಿಗೂ ಕೆಂಪೇ ಬೇಕಾಯಿತು. ಒಣ ಮಣ್ಣು ಎಣ್ಣೆ ಕುಡಿದು ತತ್ತಿಗಳು ಹವಳದ ಹಾಗೆ ಹೊಳೆದವು. ಋಷಿಕೇಶ ತನ್ನದನ್ನು ಎತ್ತಿ ಹಿಡಿದು, "ಆಯೀ, ನಂದು ನೋಡು, ನಂದು!" ಎಂದು ಕೂಗಿದ. ರಟ್ಟಿನ ಕಿವಿ ಅವನ ಕಣ್ಣಿನ ಮೇಲೆ ಜಾರಿತು. ಅದನ್ನು ಮೇಲೆ ತಳ್ಳಲು ಹೋಗಿ ಕೆಂಪು ಕೈಯಿಂದ ಕಣ್ಣು ಉಜ್ಜಿಕೊಂಡ.

ಮೊದಲು ಅವನು ಅಳಲಿಲ್ಲ. ಏನಾಯಿತೆಂದು ತಿಳಿಯದೆ ಬಾಯಿ ತೆರೆದುಕೊಂಡು ಕುಳಿತ. ಆಮೇಲೆ ಕೂಗಿದ ಕೂಗಿಗೆ ರಸ್ತೆಯ ಆಚೆಯವರೂ ತಿರುಗಿ ನೋಡಿದರು.

ಫಕ್ಕೀರವ್ವ ಓಡಿ ಬಂದು ಎತ್ತಿಕೊಂಡಳು. "ಏನಾತೋ ನನ್ನಪ್ಪಾ, ಬಾ ಬಾ" ಎನ್ನುತ್ತ ನಳದ ಹತ್ತಿರ ಒಯ್ದು, ಅಂಗೈಯಲ್ಲಿ ನೀರು ಹಿಡಿದು ಕಣ್ಣಿಗೆ ಹಾಕಿದಳು. ಹುಡುಗ ಇನ್ನೂ ಜೋರಾಗಿ ಕಿರುಚಿದ. ಸೆರಗಿನಿಂದ ಒರೆಸಿದಳು. ಎರಡನೆಯ ಕಣ್ಣೂ ಮುಚ್ಚಿಕೊಂಡಿತು. ಮತ್ತೆ ತೊಳೆದಳು. ಅವನು ಕೈಕಾಲು ಬಡಿಯತೊಡಗಿದ. ಯಾಕೆ ಹೆಚ್ಚಾಗುತ್ತಿದೆ ಎಂದು ಅವಳಿಗೆ ತಿಳಿಯಲಿಲ್ಲ. ಕಡೆಗೆ ತನ್ನ ಅಂಗೈ ಕಣ್ಣಿಗೆ ಬಿತ್ತು. ಗೆರೆಗೆರೆಯಲ್ಲೂ ಕೆಂಪು ಎಣ್ಣೆ ನಿಂತಿತ್ತು. ಬೆಳಗಿನಿಂದ ಕೈ ಒರೆಸಿಕೊಂಡ ಸೆರಗಿನಲ್ಲೂ ಅದೇ ಇತ್ತು. ಮುಟ್ಟಿದಷ್ಟೂ ತಾನೇ ಉರಿ ಹಚ್ಚುತ್ತಿದ್ದೇನೆ ಎಂದು ಆಗ ತಿಳಿಯಿತು.

ಅಷ್ಟರಲ್ಲಿ ಚಾಪೆಯ ಮೇಲೆ ಇನ್ನೂ ಇಬ್ಬರು ಕಣ್ಣು ಉಜ್ಜಿಕೊಂಡು ಅಳತೊಡಗಿದ್ದರು. ಒಂದು ಹುಡುಗಿ ತುಟಿ ಹಿಡಿದುಕೊಂಡು, "ಆಯೀ, ಎತಗೋ" ಎಂದು ಎರಡೂ ತೋಳು ಚಾಚಿತು.

ಫಕ್ಕೀರವ್ವ ಋಷಿಕೇಶನನ್ನು ಪದ್ಮಜಾರ ಕೈಗೆ ಕೊಟ್ಟು ಹಿಂದೆ ಸರಿದಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒತ್ತಿ ನಿಂತಳು. ಮಕ್ಕಳು ಅವಳ ಕಡೆಗೇ ಬಂದವು. "ಬರಬ್ಯಾಡ್ರೋ, ನನ್ನ ಮುಟ್ಟಬ್ಯಾಡ್ರೋ" ಎಂದು ಅವಳು ಕೂಗಿದಳು. ಎಂದೂ ಗದರದ ಆಯಿ ಗದರಿದ್ದು ಕೇಳಿ, ಅಳದೇ ಇದ್ದ ಮಕ್ಕಳೂ ಅತ್ತವು.

ಪದ್ಮಜಾ ನಾಲ್ವರನ್ನೂ ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಕಣ್ಣು ತೊಳೆದು ಔಷಧಿ ಬಿಟ್ಟರು. ಸಂಜೆಗೆ ಎಲ್ಲರೂ ಆಡುವಂತಾದರು. ಕಣ್ಣಿಗೇನೂ ಆಗಿರಲಿಲ್ಲ. ಆದರೆ ಪಾಲಕರು ಅಂಗಳದಲ್ಲಿ ತುಂಬಿದ್ದರು. "ಕೂಸುಗಳ ಕೈಯಾಗ ಖಾರ ಕೊಟ್ಟಾಳಲ್ಲ, ಆಕಿಗೆ ಬುದ್ಧಿ ಐತೇನು?" ಎಂದು ಒಬ್ಬರು ಕೇಳಿದರು. "ನಾನೂ ನೋಡಿದ್ದೆ, ತಪ್ಪು ನಂದೂ ಅದ" ಎಂದು ಪದ್ಮಜಾ ಹೇಳಿದರು. ಅದು ಯಾರ ಕಿವಿಗೂ ಬೀಳಲಿಲ್ಲ. ಫಕ್ಕೀರವ್ವ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ನಾನು ನೋಡಿಯೇ ಕೊಟ್ಟೆ ಅನ್ನಬೇಕೆಂದರೆ, ನೋಡಿದ್ದು ಯಾವ ಕೈಯಿಂದ, ಯಾವ ನಾಲಿಗೆಯಿಂದ? ಅವು ಎಂದೋ ಸತ್ತಿದ್ದವು. ಅದನ್ನು ವರವೆಂದು ನಂಬಿಕೊಂಡು ಬಂದವಳು ತಾನೇ.

ಎಲ್ಲರೂ ಹೋದ ಮೇಲೆ ಪದ್ಮಜಾ ಹತ್ತಿರ ಬಂದರು. "ಸಾಲಿ ಕಮಿಟಿಯವ್ರು ಭಾಳ ಸಿಟ್ಟಾಗ್ಯಾರ. ಈಗ ಹೆಂಗೂ ರಜಾ. ಜೂನಿನ್ಯಾಗ ನಾನ ಹೇಳಿ ಕಳಸ್ತೇನ್ರಿ" ಅಂದರು. ಹೇಳುವಾಗ ಅವರ ಕಣ್ಣು ನೆಲದ ಮೇಲಿತ್ತು. ಕೆಂಪು ತತ್ತಿಗಳು ಬೇವಿನ ಬುಡದಲ್ಲೇ ಬಿದ್ದಿದ್ದವು. ಅವುಗಳನ್ನು ಯಾರೂ ಮನೆಗೆ ಒಯ್ಯಲಿಲ್ಲ, ಯಾರೂ ಹುಡುಕಲಿಲ್ಲ.

ಜೂನು ಬಂತು. ಪದ್ಮಜಾರಿಂದ ಕರೆ ಬರಲಿಲ್ಲ. ಶಾಲೆಗೆ ಬೇರೆ ಆಯಾ ಬಂದಳೆಂದು ದುರುಗೇಶ ಹೇಳಿದ. ಮನೆಯಲ್ಲಿ ಕೋಲ್ಡ್ ಸ್ಟೋರೇಜಿನ ಕಾಯಿಯ ಚೀಲ ಬಿಚ್ಚಿ ಸುನಿತಾ ಒಬ್ಬಳೇ ಕುಳಿತಿದ್ದಳು. ನೋಡುತ್ತ ಕೂರಲು ಫಕ್ಕೀರವ್ವನಿಂದ ಆಗಲಿಲ್ಲ. ಮೊದಲ ದಿನ ಒಂದು ಮೊರ ಬಿಡಿಸಿದಳು, ಮರುದಿನ ಇನ್ನೊಂದು. ಬೆರಳುಗಳು ಏನನ್ನೂ ಮರೆತಿರಲಿಲ್ಲ. ವಾರ ಕಳೆಯುವಷ್ಟರಲ್ಲಿ ಕೆಮ್ಮಿಗೂ ಹಳೆಯ ಹಾದಿ ಸಿಕ್ಕಿತು.

ಒಂದು ಮಧ್ಯಾಹ್ನ ಬಾಗಿಲಲ್ಲಿ ಗೋದೂಬಾಯಿ ಬಂದು ನಿಂತರು. ಅವರ ಬೆರಳು ಹಿಡಿದು ಋಷಿಕೇಶ ನಿಂತಿದ್ದ. ಫಕ್ಕೀರವ್ವನ ಕೈಯಲ್ಲಿದ್ದ ಕಾಯಿ ಅಲ್ಲೇ ಬಿತ್ತು.

"ಬೈಯಾಕ ಬಂದಿಲ್ಲವಾ, ಅಂಜಬ್ಯಾಡ" ಎಂದರು ಗೋದೂಬಾಯಿ. "ಈ ಕೂಸು ಸಾಲ್ಯಾಗ ಕುಂದ್ರವಲ್ದು. ಹೊಸಾಕಿ ಕಿವಿ ಕೊಟ್ರೂ ಒಲ್ಲೆ ಅಂತದ. ಆಯಿ ಬೇಕು ಅಂತ ಒಂದ ಹಟ. ಚೂರು ಎತ್ತಿಕೊಂಡು ಸಮಾಧಾನ ಹೇಳು."

"ಆಯೀ" ಎಂದು ಹುಡುಗ ಓಡಿ ಬಂದ.

"ಅಲ್ಲೇ ನಿಲ್ಲೋ ನನ್ನಪ್ಪಾ! ತಡಿ, ಕೈ ತೊಳಕೊಂಡ ಬರ್ತೇನಿ" ಎಂದು ಫಕ್ಕೀರವ್ವ ಬಚ್ಚಲಿಗೆ ಧಾವಿಸಿದಳು. ಸಾಬೂನು ಹಚ್ಚಿ ತೊಳೆದಳು. ಕಡಲೆ ಹಿಟ್ಟು ಹಚ್ಚಿ ತಿಕ್ಕಿದಳು. ಮೊಸರು ಸವರಿ ಮತ್ತೆ ತೊಳೆದಳು. ಖಾರ ಹೋಯಿತೋ ಇಲ್ಲವೋ ಎಂದು ನೋಡುವುದು ಹೇಗೆ? ಕೈ ಅಂದೂ ಏನೂ ಹೇಳಿರಲಿಲ್ಲ, ಇಂದೂ ಹೇಳಲಿಲ್ಲ.

"ಸುನಿತಾ, ಇಲ್ಲಿ ನೋಡವ್ವಾ. ಉರಿ ಐತೇನು?"

ಸುನಿತಾ ಅತ್ತೆಯ ಅಂಗೈಯನ್ನು ತನ್ನ ಕೆಂಪು ಬೆರಳುಗಳಿಂದ ಸವರಿ, "ಏನೂ ಇಲ್ರಿ ಅತ್ತಿ" ಎಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆ ಮನೆಯಲ್ಲಿ ಅದನ್ನು ಹೇಳಬಲ್ಲ ಕೈ ಒಂದೂ ಇರಲಿಲ್ಲ.

ಫಕ್ಕೀರವ್ವ ಹೊರಗೆ ಬಂದು, ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಹುಡುಗನ ಮುಂದೆ ಮಂಡಿಯೂರಿದಳು. ಎತ್ತಿಕೊಳ್ಳದಿದ್ದರೂ ಕಿವಿಯಾದರೂ ಕೊಡೋಣ ಎಂದುಕೊಂಡಳು. ಹುಡುಗ ನಗುತ್ತ ಎರಡು ಬೆರಳು ಮುಂದೆ ತಂದ. ಆಗ ಅವಳಿಗೆ ನೆನಪಾಯಿತು. ಬೆಳಗಿನಿಂದ ಕಾಯಿ ಬಿಡಿಸುತ್ತ, ಕಣ್ಣಿಗೆ ಬಂದ ಕೂದಲನ್ನು ಇದೇ ಕೈಯಿಂದ ಮತ್ತೆ ಮತ್ತೆ ಅದೇ ಕಿವಿಯ ಹಿಂದೆ ಸರಿಸಿದ್ದಳು.

ತಟ್ಟನೆ ಮುಖ ಹಿಂದೆಳೆದುಕೊಂಡಳು. ಹುಡುಗನ ಬೆರಳು ಗಾಳಿಯಲ್ಲೇ ನಿಂತಿತು. ಅವನ ಕೆಳತುಟಿ ಮೆಲ್ಲಗೆ ಹೊರಳಿತು.

"ಯಾಕವಾ, ಇನ್ನೂ ಸಿಟ್ಟೇನು ನಮ್ಮ ಮ್ಯಾಲ?" ಎಂದರು ಗೋದೂಬಾಯಿ.

ಅಲ್ಲವೆಂದು ಹೇಳಲು ಬಾಯಿ ತೆರೆದಳು. ಕೆಮ್ಮು ಬಂತು. ಅದು ನಿಲ್ಲುವಷ್ಟರಲ್ಲಿ ಗೋದೂಬಾಯಿ ಅಳುವ ಮೊಮ್ಮಗನನ್ನು ಸೊಂಟಕ್ಕೆ ಎತ್ತಿಕೊಂಡು ಓಣಿಯ ತಿರುವು ದಾಟಿದ್ದರು.