ಆಲೂರಿನ ಹೊಸ ಗ್ಯಾಲರಿ

ಊರ ನಡುವೆ ಸಿಮೆಂಟಿನ ಗ್ಯಾಲರಿ ಸಮೇತ ಹೊಸ ಕ್ರಿಕೆಟ್ ಮೈದಾನ ಮಾಡಿಕೊಂಡ ಆಲೂರಿನವರು ಮೊದಲ ಪಂದ್ಯಕ್ಕೆ ಸಕಲೇಶಪುರದವರನ್ನೇ ಕರೆದರು. ಗೆಲ್ಲುವುದು ಆಮೇಲಿನ ಮಾತು, ಅವರ ಬಾಯಿಂದ ‘ಚೆನ್ನಾಗಿದೆ’ ಎನ್ನಿಸಬೇಕಿತ್ತು. ಎರಡೂ ಊರಿಗೆ ಸೇರದವನೆಂದು ಹಾಸನದಿಂದ ನನ್ನನ್ನು ಅಂಪೈರಾಗಿ ಕರೆಸಿದ್ದರು.

ಹೋಗಿ ನೋಡಿದರೆ ಗ್ಯಾಲರಿಯ ಮೆಟ್ಟಿಲ ತುಂಬ ಕಾಫಿ ಹಣ್ಣು ಒಣಗುತ್ತಿತ್ತು. ಮೋಡ ಸರಿದು ಬಿಸಿಲು ಬಂದಿತ್ತಲ್ಲ, ಸುತ್ತಲಿನವರು ತಂದು ಹರವಿದ್ದರು.

“ಜನ ಎಲ್ಲಿ ಕೂರೋದು ಮಾರಾಯ?” ಎಂದು ಸಕಲೇಶಪುರದ ನಾಯಕ ಲ್ಯಾನ್ಸಿ ನಕ್ಕ.

“ನಿಮ್ಮೂರಲ್ಲಿ ನಿಂತ್ಕಂಡೇ ನೋಡ್ತೀರಲ್ಲ, ಇಲ್ಲೂ ನಿಂತ್ಕಳಿ ಕಣ್ರೀ” ಎಂದರು ಆಲೂರಿನ ಕಾರ್ಯದರ್ಶಿ ಜಯಣ್ಣ.

ಆಟದ ಮಧ್ಯೆ ಹನಿ ಬಿತ್ತು. ನಾನು ಕೈ ಎತ್ತುವಷ್ಟರಲ್ಲಿ ಎರಡೂ ತಂಡಗಳು ಗ್ಯಾಲರಿಯಲ್ಲಿದ್ದವು. ಲ್ಯಾನ್ಸಿ ಪ್ಯಾಡ್ ಕಟ್ಟಿಕೊಂಡೇ ಕಾಫಿ ಗುಡ್ಡೆ ಮಾಡಿದ. ಪಿಚ್ಚಿಗೆಂದು ತಂದಿದ್ದ ಟಾರ್ಪಾಲು ಕಾಫಿಯ ಮೇಲೆ ಬಿತ್ತು. ಪಿಚ್ಚು ನೆನೆದು ಪಂದ್ಯ ರದ್ದಾಯಿತು.

“ಈಗಾದ್ರೂ ಹೇಳಪ್ಪ, ಹೆಂಗೈತೆ ನಮ್ಮ ಗ್ಯಾಲರಿ?” ಜಯಣ್ಣ ಬಿಡಲಿಲ್ಲ.

ಲ್ಯಾನ್ಸಿ ಒಂದು ಹಣ್ಣನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ಬೀಜ ಗಲಗಲ ಎಂದಿತು. “ಚೆನ್ನಾಗಿ ಒಣಗೈತೆ” ಎಂದ.

ಈಗ ಸಕಲೇಶಪುರದವರೂ ಊರ ನಡುವೆ ಮೈದಾನ ಬೇಕೆಂದು ಹಠ ಹಿಡಿದಿದ್ದಾರೆ. ಗ್ಯಾಲರಿ ಆಲೂರಿನದಕ್ಕಿಂತ ದೊಡ್ಡದಿರಬೇಕಂತೆ. ಚಾವಣಿ ಮಾತ್ರ ಬೇಡವಂತೆ.