ಇಸ್ತ್ರಿ ಹಾಕಿದ ನಡಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೆಯ ಮಹಡಿಯ ಉದ್ದನೆಯ ಕೋಣೆಯಲ್ಲಿ ಕುರ್ಚಿಗಳೆಲ್ಲ ಖಾಲಿ. ನೆಲ ಒರೆಸುವವರು ಈಗಷ್ಟೇ ಬಕೆಟ್ಟು ಎತ್ತಿಕೊಂಡು ಹೊರಗೆ ಹೋಗಿದ್ದಾರೆ. ಕಿಟಕಿಯ ಪಕ್ಕ ಒಂದೇ ಒಂದು ಕಂಪ್ಯೂಟರ್ ಪರದೆ ಬೆಳಗುತ್ತಿದೆ. ಅದರ ಮೇಲೆ ಮುಖವಿಲ್ಲದ, ಬಟ್ಟೆಯಿಲ್ಲದ, ಬರೀ ಕಡ್ಡಿಗಳಿಂದಾದ ಒಬ್ಬ ಮನುಷ್ಯ ನಡೆಯುತ್ತಿದ್ದಾನೆ. ನಾಲ್ಕು ಹೆಜ್ಜೆ ಇಡುತ್ತಾನೆ, ಮತ್ತೆ ಹೊರಟಲ್ಲಿಗೇ ಬಂದು ನಿಲ್ಲುತ್ತಾನೆ. ಮುಂದೆ ಕೂತ ಹೆಂಗಸು ಅವನ ಬಲ ಭುಜವನ್ನು ಕೂದಲೆಳೆಯಷ್ಟು ಕೆಳಗಿಳಿಸಿ, ತಲೆ ಓರೆ ಮಾಡಿ ನೋಡಿ, "ಊಹೂಂ, ಇದೂ ಅಲ್ಲ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಆಫೀಸು ಶುರುವಾಗಲು ಇನ್ನೂ ಹೊತ್ತಿದೆ. ಇದು ಸಂಬಳದ ಕೆಲಸವಲ್ಲ.

ಇವರನ್ನು ಇಲ್ಲಿ ಎಲ್ಲರೂ ಇಸ್ತ್ರಿಯಕ್ಕ ಎಂದೇ ಕರೆಯುತ್ತಾರೆ. ವಿಡಿಯೊ ಗೇಮ್ ತಯಾರಿಸುವ ಈ ಕಂಪನಿಯಲ್ಲಿ ಚಲನೆಗೆ ಇಸ್ತ್ರಿ ಹಾಕುವುದೇ ಅವರ ಉದ್ಯೋಗ. ಗೇಮಿನೊಳಗಿನ ಜನ ನಡೆಯಬೇಕಾದರೆ ಮೊದಲು ಹೊರಗೆ ನಿಜವಾದ ಮನುಷ್ಯರು ನಡೆಯಬೇಕು. ಮೈಗಂಟುವ ಕಪ್ಪು ಉಡುಪಿನ ಮೇಲೆ ಹೊಳೆಯುವ ಪುಟ್ಟ ಗುಂಡುಗಳನ್ನು ಅಂಟಿಸಿಕೊಂಡು ನಟರು ಖಾಲಿ ಹಜಾರದಲ್ಲಿ ಓಡುತ್ತಾರೆ, ಬೀಳುತ್ತಾರೆ, ಇಲ್ಲದ ಕತ್ತಿ ಬೀಸುತ್ತಾರೆ. ಸುತ್ತಲಿನ ಕ್ಯಾಮೆರಾಗಳು ಆ ಗುಂಡುಗಳನ್ನಷ್ಟೇ ಹಿಡಿಯುತ್ತವೆ. ಹಾಗೆ ಹಿಡಿದದ್ದು ಸುಕ್ಕುಸುಕ್ಕಾಗಿ ಬರುತ್ತದೆ. ಪಾದ ನೆಲದ ಮೇಲೆ ಜಾರುತ್ತದೆ, ಕೈ ಹೊಟ್ಟೆಯೊಳಕ್ಕೆ ತೂರುತ್ತದೆ, ಕುತ್ತಿಗೆ ನಡುಗುತ್ತದೆ. ಅದನ್ನೆಲ್ಲ ಒಂದೊಂದೇ ಚಿತ್ರ ಹಿಡಿದು ನೇರ ಮಾಡಬೇಕು. ಸೆಕೆಂಡಿಗೆ ಮೂವತ್ತು ಚಿತ್ರ. ದಿನವಿಡೀ ಕಣ್ಣಲ್ಲಿ ಕಣ್ಣಿಟ್ಟು ಕೂತರೂ ಒಂದು ನಿಮಿಷದ ಚಲನೆ ಮುಗಿದರೆ ಹೆಚ್ಚು.

"ನಾನು ಮಾಡಿದ್ದು ಕಾಣಿಸಿದ್ರೆ ನಾನು ಕೆಟ್ಟ ಕೆಲಸಗಾರ್ತಿ. ಕಾಣಿಸದಿದ್ರೆ ಒಳ್ಳೇವಳು," ಎಂದು ಅವರು ನಗುತ್ತಾರೆ. "ಅದಕ್ಕೇ ನೋಡಿ, ನನ್ನನ್ನ ಹೊಗಳೋಕೆ ಯಾರಿಗೂ ಅವಕಾಶಾನೇ ಸಿಕ್ಕಿಲ್ಲ."

ಕಾರ್ಟೂನು ಚಿತ್ರಗಳಿಗೆ ಗೆರೆ ತಿದ್ದುತ್ತಿದ್ದ ಇಸ್ತ್ರಿಯಕ್ಕ ಈ ಕೆಲಸಕ್ಕೆ ಬಂದ ಹೊಸದರಲ್ಲಿ ಗೇಮು ಎಂದರೆ ಜನರ ಕಣ್ಣಿಗೆ ಮಕ್ಕಳಾಟಿಕೆ, ಓದು ಕೆಡಿಸುವ ಪಿಡುಗು. ನೆಂಟರು ಕೇಳಿದರೆ "ಕಂಪ್ಯೂಟರ್ ಕೆಲಸ" ಎಂದಷ್ಟೇ ಹೇಳಿ ಮಾತು ಮರೆಸುತ್ತಿದ್ದರು. ಈಗ ಕಾಲ ಮಗ್ಗುಲು ಬದಲಿಸಿದೆ. ಬಸ್ ನಿಲ್ದಾಣದ ಗೋಡೆಯ ಮೇಲೆ ಸಿನಿಮಾದ ಪೋಸ್ಟರ್ ಇರುತ್ತಿದ್ದ ಜಾಗದಲ್ಲಿ ಗೇಮಿನ ಪೋಸ್ಟರ್ ಇದೆ. ಸಂಜೆ ಮನೆಗಳಲ್ಲಿ ಒಬ್ಬರು ಆಡುತ್ತಾರೆ, ಉಳಿದವರೆಲ್ಲ ಸೋಫಾದ ಮೇಲೆ ಕಾಲು ಮಡಚಿ ಕೂತು ಸಿನಿಮಾದಂತೆ ನೋಡುತ್ತಾರೆ, ಅಳುವ ಕಡೆ ಅಳುತ್ತಾರೆ. ಕೊನೆಯಲ್ಲಿ ದುಡಿದವರ ಹೆಸರುಗಳು ಸಾಲುಸಾಲಾಗಿ ಮೇಲಕ್ಕೇರುತ್ತವೆ. ಇಸ್ತ್ರಿಯಕ್ಕನ ಹೆಸರು ಬರುವ ಹೊತ್ತಿಗೆ ಮನೆಮಂದಿ ಊಟಕ್ಕೆ ಕೈ ತೊಳೆಯಲು ಎದ್ದಿರುತ್ತಾರೆ.

ಅದರ ಬಗ್ಗೆ ಅವರಿಗೆ ಬೇಸರವಿಲ್ಲ. ಅವರ ಬೇಸರವೇ ಬೇರೆ. ಅದು ಹಾಸಿಗೆ ಹಿಡಿದು ಮನೆಯಲ್ಲಿ ಮಲಗಿದೆ.

ಇಸ್ತ್ರಿಯಕ್ಕನ ಅಪ್ಪ ಬಸ್ ಕಂಡಕ್ಟರ್ ಆಗಿದ್ದವರು. ಜೀವಮಾನವೆಲ್ಲ ಓಡುವ ಬಸ್ಸಿನಲ್ಲಿ ನಿಂತೇ ದುಡಿದರು. ನಿವೃತ್ತರಾದ ಮೇಲೂ ಅವರ ಕಾಲಿಗೆ ಆ ಸುದ್ದಿ ಮುಟ್ಟಲಿಲ್ಲ. ಪಾದ ಅಗಲಿಸಿ ನಡೆಯುವರು. ಚರ್ಮದ ಚೀಲ ಹೊತ್ತ ಬಲ ಭುಜ ಜೋತುಬಿದ್ದಿತ್ತು. ನಾಲ್ಕು ಹೆಜ್ಜೆಗೊಮ್ಮೆ, ಯಾರೋ ಬ್ರೇಕ್ ಹಾಕಿದಂತೆ, ಮಂಡಿ ಬಗ್ಗಿಸಿ ಒಂದು ಕ್ಷಣ ತಡೆಯುವರು. ಅಡುಗೆಮನೆಯಲ್ಲಿದ್ದ ಅಮ್ಮ ಮೆಟ್ಟಿಲ ಮೇಲಿನ ಸದ್ದು ಕೇಳಿಯೇ ಒಲೆಯ ಮೇಲೆ ಚಹಾಕ್ಕೆ ನೀರಿಡುತ್ತಿದ್ದರು.

ಒಮ್ಮೆ ಗೇಮೊಂದಕ್ಕೆ ಮುದುಕ ಅಂಬಿಗನ ನಡಿಗೆ ಬೇಕಾಗಿತ್ತು. ಬರಬೇಕಾಗಿದ್ದ ನಟ ಜ್ವರವೆಂದು ಕೈಕೊಟ್ಟ. ಇಸ್ತ್ರಿಯಕ್ಕ ಅಪ್ಪನನ್ನೇ ಕರೆತಂದರು. "ಏನಮ್ಮ ಇದು, ಈ ವಯಸ್ಸಲ್ಲಿ ಮೈಗೆಲ್ಲಾ ಗೋಲಿ ಅಂಟಿಸ್ತಿದೀಯ!" ಎಂದು ಅಪ್ಪ ಹಜಾರದಲ್ಲಿದ್ದವರನ್ನೆಲ್ಲ ನಗಿಸಿ, ಹೇಳಿದಷ್ಟು ಸಲ ಅತ್ತಿತ್ತ ನಡೆದು, ಬಿಸ್ಕತ್ತು ತಿಂದು ಮನೆಗೆ ಹೋದರು. ದೋಣಿಯ ಮೇಲೆ ಬದುಕಿದ ಅಂಬಿಗನಿಗೆ ಅದಕ್ಕಿಂತ ಒಪ್ಪುವ ನಡಿಗೆ ಇನ್ನೊಂದಿರಲಿಲ್ಲ.

ಆದರೆ ಹಿತ್ತಲ ಗಿಡ ಮದ್ದಲ್ಲ. ಕೆಲವು ವಾರಗಳ ಮೇಲೆ ನೂರಾರು ತುಣುಕುಗಳ ನಡುವೆ ಅಪ್ಪನ ತುಣುಕೂ ಇಸ್ತ್ರಿಯಕ್ಕನ ಮೇಜಿಗೆ ಬಂತು. ಮುಖವಿಲ್ಲ, ನಟರ ಹೆಸರಿಲ್ಲ, ಪಾತ್ರದ ಹೆಸರೂ ಇಲ್ಲ, ಬರೀ ಚುಕ್ಕೆಗಳು. ಒಪ್ಪಿಸುವ ಗಡುವು ತಲೆಯ ಮೇಲಿತ್ತು.

"ಭುಜದ ಗುಂಡು ಜಾರಿದೆ ಅಂದ್ಕೊಂಡೆ, ಮೇಲೆತ್ತಿದೆ," ಎನ್ನುತ್ತಾರೆ, ಪರದೆಯಿಂದ ಕಣ್ಣು ತೆಗೆಯದೆ. "ಕಾಲು ಅಗಲವಾಗಿದ್ದು ಕ್ಯಾಮೆರಾ ದೋಷ ಅಂದ್ಕೊಂಡೆ, ಹತ್ತಿರ ತಂದೆ. ಆ ತಡೆಯೋದಿತ್ತಲ್ಲ, ಅದನ್ನ ಕತ್ತರಿಸೇ ಬಿಟ್ಟೆ. ಹುಟ್ಟಿದಾಗಿಂದ ನೋಡಿದ ನಡಿಗೆ ಕಣ್ರೀ ಅದು. ಗುರುತು ಹತ್ತಲಿಲ್ಲ ನನಗೆ."

ಕೆಲಸ ಒಪ್ಪಿಗೆಯಾದ ಕೂಡಲೇ ಮೂಲ ತುಣುಕನ್ನು ಅಳಿಸಿ ಜಾಗ ಮಾಡುವುದು ಇಲ್ಲಿಯ ಪದ್ಧತಿ. ಅಳಿಸಿದ್ದೂ ಅವರೇ.

ಗೇಮು ಬಂತು, ಹೆಸರು ಮಾಡಿತು. ಬೆಣ್ಣೆಯಂಥ ಚಲನೆ ಎಂದು ವಿಮರ್ಶಕರು ಬರೆದರು. ಹೆಮ್ಮೆಯಿಂದ ಮನೆಯ ಟಿ.ವಿ.ಗೆ ಜೋಡಿಸಿ ಅಪ್ಪನಿಗೆ ತೋರಿಸಿದಾಗ ಅವರು ಕನ್ನಡಕ ಏರಿಸಿ ನೋಡಿ, "ಯಾರಮ್ಮ ಇವನು, ಪರೇಡ್ ಮಾಡ್ತಾ ಇದಾನೆ?" ಎಂದರು. "ಅಪ್ಪಾ, ನೀವೇ" ಎಂದಾಗ ಕನ್ನಡಕ ತೆಗೆದು ಮಡಚಿ, "ಹೌದಾ? ಚೆನ್ನಾಗಿ ಮಾಡಿದೀಯ ಬಿಡು" ಎಂದು ಮಗಳ ಬೆನ್ನು ತಟ್ಟಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಇಸ್ತ್ರಿಯಕ್ಕನಿಗೆ ಇವತ್ತಿಗೂ ಅನಿಸುತ್ತದೆ.

ಆ ನಡಿಗೆಯನ್ನು ತಿದ್ದಿ ಹಾಕಬಹುದೇ ಎಂದು ಮರುದಿನವೇ ಮೇಲಿನವರನ್ನು ಕೇಳಿದರು. "ಗೇಮ್ ಆಗ್ಲೇ ಜನರ ಕೈ ಸೇರಿದೆ ಅಕ್ಕಾ. ಯಾರಿಗೆ ಗೊತ್ತಾಗತ್ತೆ?" ಎಂದು ಉತ್ತರ ಬಂತು. ಹೋಗಲಿ, ಇನ್ನೊಂದು ಸಲ ಅಪ್ಪನನ್ನು ಕರೆತಂದು ತಮಗಾಗಿ ಹಿಡಿದಿಟ್ಟುಕೊಂಡರಾಯಿತು ಎಂದುಕೊಂಡರು. ಈ ವಾರ ಗಡುವು, ಮುಂದಿನ ವಾರ ಇನ್ನೊಂದು ಗಡುವು. ಅಪ್ಪ ಎಲ್ಲಿ ಓಡಿಹೋಗುತ್ತಾರೆ ಎಂಬ ಧೈರ್ಯ. ಹಾಗೆ ದಿನ ದೂಡುತ್ತಿರುವಾಗಲೇ ಒಂದು ಮುಂಜಾನೆ ಅಪ್ಪನಿಗೆ ಲಕ್ವ ಹೊಡೆಯಿತು. ಬಲಭಾಗ ಬಿದ್ದುಹೋಯಿತು. ಮಾತು ಉಳಿಯಿತು, ನಡಿಗೆ ಹೋಯಿತು. ಇನ್ನೊಂದು ಸಲ ಹೊಡೆದರೆ ಕಷ್ಟ ಎಂದು ವೈದ್ಯರು ಹೇಳಿದ್ದಾರೆ.

ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ. ಚಿಂತೆ ಮಾಡುವವರಿಗೆ ಅದು ಗೊತ್ತಿಲ್ಲವೇ? ಇಸ್ತ್ರಿಯಕ್ಕ ಅಂದಿನಿಂದ ದಿನಾ ಬೆಳಗಾಗುವ ಮೊದಲೇ ಬಂದು, ತಾವೇ ನೇರ ಮಾಡಿದ ಆ ನಡಿಗೆಗೆ ಮತ್ತೆ ಸುಕ್ಕು ಹಾಕುತ್ತಿದ್ದಾರೆ. ನೋಡಿ ಮಾಡಲು ಏನೂ ಇಲ್ಲ. "ಫೋಟೋದಲ್ಲೆಲ್ಲ ಅಪ್ಪ ನಿಂತೇ ಇದಾರೆ. ಮನೇವ್ರು ನಡೆಯೋದನ್ನ ಯಾರು ತೆಗೆದಿಟ್ಕೋತಾರೆ ಹೇಳಿ?" ನೆನಪಿನಿಂದ ಭುಜ ಇಳಿಸುತ್ತಾರೆ, ಕಾಲು ಅಗಲಿಸುತ್ತಾರೆ. ಎಲ್ಲ ಇದ್ದರೂ ಅದು ಅಪ್ಪನ ನಕಲು ಮಾಡುವ ಯಾರೋ ಒಬ್ಬನಂತೆ ಕಾಣುತ್ತದೆ. ಸೋತು, ಹೋದ ತಿಂಗಳು ಅಪ್ಪನನ್ನೇ ಕೇಳಿದರು. ಅಪ್ಪ ದಿಂಬಿಗೊರಗಿ ಲ್ಯಾಪ್‌ಟಾಪ್ ನೋಡಿದರು.

"ಇವನು ನೆಲಾನ ನಂಬ್ತಾನೆ ಕಣಮ್ಮ. ನಂಬಬಾರ್ದು. ನೆಲ ಯಾವಾಗ ಬೇಕಾದ್ರೂ ಹೋಗಬಹುದು ಅನ್ನೋ ಹಂಗೆ ನಿಲ್ಬೇಕು."

ಇಸ್ತ್ರಿಯಕ್ಕ ಕೆಲವು ದಿನ ಭುಜ, ಮಂಡಿ ಬದಿಗಿಟ್ಟು ನೆಲಕ್ಕೆ ಕೈ ಹಾಕಿದರು. ಕಡ್ಡಿ ಮನುಷ್ಯನ ಕಾಲಡಿಯ ನೆಲವನ್ನೇ ಬಸ್ಸಿನಂತೆ ಅಲ್ಲಾಡಿಸಿ, ಅವನನ್ನು ಬೀಳದಂತೆ ಕಾಯ್ದು, ಆಮೇಲೆ ನೆಲವನ್ನು ನಿಲ್ಲಿಸಿದರು. ನಿಂತ ನೆಲದ ಮೇಲೂ ಅವನು ಎಚ್ಚರದಿಂದಲೇ ನಡೆದ.

ಕಳೆದ ಭಾನುವಾರ ಅದನ್ನು ಮನೆಗೆ ಒಯ್ದರು. ಅಮ್ಮ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದವರು ಪರದೆ ನೋಡಿ ಕೈ ನಿಲ್ಲಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಪ್ಪ ಮಾತ್ರ ಬಹಳ ಹೊತ್ತು ನೋಡಿದರು. ಹೊದಿಕೆಯೊಳಗೆ ಅವರ ಎಡಗಾಲು ಹಾಸಿಗೆಗೆ ಒತ್ತಿ ನಿಂತದ್ದು ಇಸ್ತ್ರಿಯಕ್ಕನಿಗೆ ಕಾಣಿಸಿತು.

"ಯಾರು ಅಂತ ಗೊತ್ತಾಯ್ತಾ ಅಪ್ಪಾ?"

"ಮುಖ ನೆನಪಾಗ್ತಿಲ್ಲ," ಎಂದರು ಅಪ್ಪ. "ಯಾರೋ ನಮ್ಮ ಡಿಪೋದವನು."

ಇದನ್ನು ಹೇಳುವಾಗ ಇಸ್ತ್ರಿಯಕ್ಕನ ಕಣ್ಣು ತುಂಬುತ್ತದೆ, ಹಿಂದೆಯೇ ನಗೆಯೂ ಬರುತ್ತದೆ. ಹೊರಗಿನ ಲೋಕ ಮುಂದೆಯೂ ಆ ಪರೇಡ್ ಮಾಡುವ ಅಂಬಿಗನನ್ನೇ ನೋಡುತ್ತದೆ, ಅದನ್ನು ಬದಲಿಸಲಾಗದು. ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ಬಂದು ದೀಪ ಹಾಕುತ್ತಿದ್ದಾರೆ. ಇಸ್ತ್ರಿಯಕ್ಕ ಕಡ್ಡಿ ಮನುಷ್ಯನನ್ನು ಉಳಿಸಿ, ಪರದೆ ಮುಚ್ಚುತ್ತಾರೆ.

"ಡಿಪೋವರೆಗೂ ಬಂದಿದಾನಲ್ಲ," ಎನ್ನುತ್ತಾರೆ. "ಅಲ್ಲಿಂದ ನಮ್ಮ ಮನೆ ಅಷ್ಟೇನೂ ದೂರ ಇಲ್ಲ. ಇವನು ಮನೆ ಮುಟ್ಟೋವರೆಗೂ ಅಪ್ಪ ಕಾಯ್ಬೇಕು, ಅಷ್ಟೇ."