ತೋಟದ ಗೇಟಿಗೆ ಒಂಬತ್ತು ಗುರುವಾರ

ಶಿರಂಗಾಲದ ಕಲ್ಲೇಶಪ್ಪ ತೊಟ್ಟಿಲಲ್ಲಿದ್ದಾಗಲೇ ಅವನ ಅವ್ವ ಹೇಳಿದ್ದಳಂತೆ, ಈ ಮಗುವಿನ ಕಾಲಲ್ಲಿ ಚಕ್ರ ಇದೆ ಅಂತ. ಆ ಮಾತು ಸುಳ್ಳಾಗಲಿಲ್ಲ. ಹೊಲದಲ್ಲಿ ಎರಡು ಸಾಲು ಉತ್ತರೆ ಮೂರನೇ ಸಾಲಿಗೆ ನೇಗಿಲು ನಿಲ್ಲಿಸಿ ದಾರಿ ನೋಡುತ್ತಿದ್ದ. ಕೊನೆಗೆ ಬೇಸಾಯವನ್ನು ಅಣ್ಣನಿಗೆ ಬಿಟ್ಟು, ಹೆಂಡತಿ ಗುರುಸಿದ್ದಮ್ಮನ ಜೊತೆ ಸೋಮವಾರಪೇಟೆ ಸೇರಿ, ಬಟ್ಟೆ ಗಂಟು ಹೊತ್ತು ಮಾರುವವನಾದ. ಆಗ ಕೊಡಗಿನಲ್ಲಿ ಬಿಳಿಯರ ಆಳ್ವಿಕೆ. ದೊಡ್ಡ ದೊಡ್ಡ ಕಾಫಿ ತೋಟಗಳಿಗೆಲ್ಲ ಅವರೇ ದೊರೆಗಳು.

ಗಂಟು ಹೊತ್ತವನಿಗೆ ಚಕ್ರದ ಕಾಲು ಒಳ್ಳೆಯದೇ ಅಂತ ಅವನು ತಿಳಿದಿದ್ದ. ಅಲ್ಲೇ ತಪ್ಪಿದ್ದು. ಸಂತೆಯಲ್ಲಿ ಕೂತಿರುವಾಗ ಯಾರೋ ಒಬ್ಬ, ದೂರದ ಕುಟ್ಟದ ಕಡೆ ಮದುವೆಗಳಂತೆ, ಸೀರೆಗೆ ಬಲು ಗಿರಾಕಿಯಂತೆ ಅಂದರೆ ಸಾಕು, ಅರ್ಧ ಬಿಚ್ಚಿದ ಗಂಟು ಮತ್ತೆ ಕಟ್ಟಿಬಿಡುತ್ತಿದ್ದ. ಇವನು ಹೋಗಿ ಮುಟ್ಟುವ ಹೊತ್ತಿಗೆ ಅಲ್ಲಿ ಮದುವೆ ಮುಗಿದು ಚಪ್ಪರ ಕೀಳುತ್ತಿದ್ದರು. ಇತ್ತ ಸೀರೆ ತರ್ತೀನಿ ಅಂತ ಮಾತು ಕೊಟ್ಟ ತೋಟದ ಹೆಂಗಸರು ಕಾದು ಕಾದು ಬೇರೆಯವನ ಹತ್ತಿರ ಕೊಳ್ಳುತ್ತಿದ್ದರು.

ಪೇಟೆಯಿಂದ ನಾಲ್ಕು ಮೈಲಿಯಲ್ಲಿ ಒಂದು ತೋಟ. ಲೈನು ಅನ್ನುವ ಸಾಲುಮನೆಗಳಲ್ಲಿ ನಾನೂರು ಆಳು. ಅಲ್ಲಿನ ಲೆಕ್ಕ, ಹಾಜರಿ ಎಲ್ಲ ನೋಡುವವನು ರೈಟರ್ ಅಪ್ಪಯ್ಯ. ಒಂದು ದಿನ ಅವನು ಗೇಟಿನಲ್ಲೇ ಕಲ್ಲೇಶಪ್ಪನನ್ನು ತಡೆದ.

"ಸಾವ್ಕಾರ್ರೇ, ಕಂಡಕಂಡವರು ಲೈನಿಗೆ ನುಗ್ಗೋದು ಬೇಡ ಅಂದಿದಾರೆ ದೊರೆ. ಇನ್ಮೇಲೆ ಬಟ್ಟೆಯವನು ಒಬ್ಬನೇ. ಚೀಟಿ ಇದ್ದವನಿಗೆ ಗೇಟು."

"ಆ ಚೀಟಿ ನನಗೇ ಕೊಡಿಸಿ ರೈಟ್ರೇ."

ಕಾಫಿ ಹಣ್ಣಿನ ಚೀಲ ಇಳಿಸುತ್ತಿದ್ದ ಮುತ್ತಿ ನಕ್ಕಳು. ತೋಟದಲ್ಲಿ ಅವಳ ಕೈಗಿಂತ ಚುರುಕಾದ ಕೈ ಇರಲಿಲ್ಲ, ನಾಲಿಗೆಯೂ ಇರಲಿಲ್ಲ. "ಇವರಿಗಾ? ಇವರು ಬರೋದೂ ಬಾಲದ ನಕ್ಷತ್ರ ಬರೋದೂ ಒಂದೇ."

ಅಪ್ಪಯ್ಯನೂ ನಕ್ಕ. "ಎಂಟು ಗುರುವಾರ, ಸಂಜೆ ಹಣ್ಣು ಅಳೆಯೋ ಹೊತ್ತಿಗೆ ಬಂದು ನಿಲ್ಲಿ. ಅಲ್ಲೀತನಕ ನಾನೇ ಒಳಗೆ ಬಿಡ್ತೀನಿ. ಒಂದು ತಪ್ಪಿದರೂ ಚೀಟಿ ಇಲ್ಲ. ತಪ್ಪದಿದ್ದರೆ ದೊರೆ ಹತ್ತಿರ ನಾನು ಮಾತಾಡ್ತೀನಿ."

ಈ ತೋಟ ಕೈಬಿಟ್ಟರೆ ಮತ್ತೆ ಅಣ್ಣನ ನೇಗಿಲೇ ಗತಿ. ಅದು ಅವನಿಗೂ ಗೊತ್ತು, ಹೆಂಡತಿಗೂ ಗೊತ್ತು. ಮನೆಗೆ ಬಂದವನು ಒಳಗೂ ಹೊರಗೂ ಓಡಾಡಿದ.

"ಎಂಟು ವಾರ ಒಂದೇ ದಾರಿ! ನನ್ನ ಕೈಲಾಗಲ್ಲ ಕಣೇ. ಒಂದು ಕೆಲಸ ದಿನಾ ಮಾಡೋ ಜಾತಕವೇ ಅಲ್ಲ ನಂದು."

ಗುರುಸಿದ್ದಮ್ಮ ರೊಟ್ಟಿ ತಟ್ಟುತ್ತಲೇ ಕೇಳಿದಳು. "ಲಿಂಗಪೂಜೆ ಎಷ್ಟು ದಿನ ತಪ್ಪಿಸಿದೀರಿ?"

"ಛೆ, ಅದೆಲ್ಲಿ ತಪ್ಪುತ್ತೆ? ಜ್ವರ ಬಂದಾಗಲೂ ಮಲಗಿದಲ್ಲೇ ಮಾಡಿದೀನಿ."

"ಮತ್ತೆ? ವಿಭೂತಿ ಹಚ್ಚಿಕೊಂಡು ಏಳೋ ಮುಂಚೆ, ಇವತ್ತು ಯಾವ ವಾರ, ಎಲ್ಲಿಗೆ, ಯಾರಿಗೆ ಏನು ಅಂತ ಬಾಯಿಬಿಟ್ಟು ಹೇಳಿ. ಶಿವನೂ ಕೇಳಿಸ್ಕೊಳ್ಳಲಿ, ನಾನೂ ಕೇಳಿಸ್ಕೋತೀನಿ."

ಅಂದಿನಿಂದ ಹಾಗೇ ಆಯಿತು. ಪೂಜೆಗೆ ಕೂತಾಗಲೂ ಅವನ ಮೊಣಕಾಲು ಕುಣಿಯುತ್ತಲೇ ಇತ್ತು. ಆದರೂ ಹೇಳುತ್ತಿದ್ದ, ಸೋಮವಾರ ಸಂತೆ, ಗುರುವಾರ ತೋಟ, ಹಣ್ಣು ಕುಯ್ಯೋ ಕೆಂಚಿಗೆ ಹಸಿರು ರವಿಕೆ ಬಟ್ಟೆ. ಹೇಳಿ ಎದ್ದ ಮೇಲೆ ಬೇರೆ ಕಡೆ ಹೋಗುವುದಕ್ಕೆ ಕಾಲು ಕಟ್ಟಿದ ಹಾಗಾಗುತ್ತಿತ್ತು.

ಮೊದಲ ಎರಡು ವಾರ ವ್ಯಾಪಾರ ಪರವಾಗಿಲ್ಲ. ಮೂರನೆಯ ವಾರ ಒಂದು ಮೊಳವೂ ಹೋಗಲಿಲ್ಲ. ನಾಲ್ಕನೆಯದೂ ಹಾಗೇ. ಐದನೆಯ ಗುರುವಾರ ಕುಟ್ಟದ ಸುದ್ದಿ ಮತ್ತೆ ಬಂತು. ಬಸ್ಸಿನ ಹಾರನ್ ಕೇಳಿದಾಗಲೆಲ್ಲ ಅವನ ಎದೆ ಅದರ ಹಿಂದೆಯೇ ಓಡುತ್ತಿತ್ತು. ಹಲ್ಲು ಕಚ್ಚಿಕೊಂಡು ತೋಟದ ದಾರಿ ಹಿಡಿದ.

ಏಳನೆಯ ವಾರ ಪೇಟೆಯ ಅಂಗಡಿಗೆ ಮಾಲೇ ಬರಲಿಲ್ಲ. ಹಳೆಯದು ಸಂತೆಯಲ್ಲೇ ಮುಗಿದಿತ್ತು, ಗಂಟೇ ಇಲ್ಲ. ಬರಿಗೈಯಲ್ಲಿ ಗಿರಾಕಿಯ ಮುಂದೆ ನಿಲ್ಲುವುದು ವ್ಯಾಪಾರದವನಿಗೆ ಅಪಶಕುನ, ಅವಮಾನ ಬೇರೆ. ಆದರೆ ಬೆಳಿಗ್ಗೆ ಹೇಳಿಬಿಟ್ಟಿದ್ದನಲ್ಲ, ಗುರುವಾರ ತೋಟ ಅಂತ. ಹೋಗಿ ನಿಂತ.

"ಏನ್ ಸಾವ್ಕಾರ್ರೇ, ಗಾಳಿ ಮಾರಕ್ಕೆ ಬಂದ್ರಾ?" ಅಂದಳು ಮುತ್ತಿ. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು.

ಬಿಚ್ಚಲು ಗಂಟಿಲ್ಲ, ಕಟ್ಟಲು ಗಂಟಿಲ್ಲ. ಕೈ ಎಲ್ಲಿಡಬೇಕೋ ತಿಳಿಯದೆ ಕಲ್ಲೇಶಪ್ಪ ಕೇಳಿದ. "ಹೋಗಲಿ ಮುತ್ತಿ, ಈಚೆಗೆ ಯಾಕೆ ನೀವು ಯಾರೂ ನನ್ನ ಸೀರೆ ಕೊಳ್ತಿಲ್ಲ?"

"ಇಷ್ಟು ದಿನಕ್ಕೆ ಕೇಳಿದ್ರಲ್ಲ!" ಮುತ್ತಿ ಸೀರೆಯ ಅಂಚು ಎತ್ತಿ ತೋರಿಸಿದಳು. ಮೊಣಕಾಲಿನ ಹತ್ತಿರ ಜಾಲರಿಯಾಗಿತ್ತು. "ನೋಡಿ. ಕಾಫಿ ಗಿಡದ ಕಡ್ಡಿ ಗೀರಿ ಗೀರಿ ನಿಮ್ಮ ಸೀರೆ ಹದಿನೈದು ದಿನ ತಡೆಯಲ್ಲ. ಹೂವಿನ ಅಂಚು ಯಾರಿಗೆ ಬೇಕು? ಸೀರೆ ಮೇಲೆ ಸುತ್ತಿಕೊಳ್ಳೋಕೆ ದಪ್ಪ ಬಟ್ಟೆ ತನ್ನಿ. ಕೆಸರು ಕಾಣದ ಬಣ್ಣ ಇರಲಿ."

ಕೆಂಚಿ ಸೇರಿಸಿದಳು. "ಹಣ್ಣು ಕುಯ್ದು ತುಂಬೋಕೆ ಮಡಿಲಿಗೆ ಕಟ್ಟೋ ಬಟ್ಟೆಯೂ ಬೇಕು."

ಅಷ್ಟು ವರ್ಷ ಮಾರಿದರೂ ಆ ಕಡ್ಡಿ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಮರುದಿನವೇ ಅಂಗಡಿಯವನ ಬೆನ್ನು ಹತ್ತಿ, ಜಗಳವಾಡಿ, ಒರಟು ಕಂದು ಬಟ್ಟೆಯ ಎರಡು ಥಾನು ತರಿಸಿದ.

ಎಂಟನೆಯ ಗುರುವಾರ ಅದನ್ನು ಹೊತ್ತು ಬಂದರೆ ಅಪ್ಪಯ್ಯ ತಲೆ ಎತ್ತಲಿಲ್ಲ.

"ಚೀಟಿ ಹೋಯ್ತು ಕಲ್ಲೇಶಪ್ಪ. ಮೈಸೂರು ಸೀಮೆಯವನೊಬ್ಬ ನಿನ್ನೆ ಬಂಗಲೆಗೆ ಹೋಗಿ ದೊರೆಸಾನಿಗೆ ರೇಷ್ಮೆ ತೋರಿಸಿದ. ಅಲ್ಲೇ ಬರೆದು ಕೊಟ್ಟರು. ನನ್ನ ಮಾತು ಅಲ್ಲಿ ನಡೀಲಿಲ್ಲ."

ಕಲ್ಲೇಶಪ್ಪ ಗಂಟು ಇಳಿಸಲೂ ಇಲ್ಲ. ಹಾಗೇ ತಿರುಗಿ ನಡೆದ. ಮನೆಯಲ್ಲಿ ಒಂದೇ ಮಾತು. "ಕುಟ್ಟಕ್ಕೆ ಹೋಗ್ತೀನಿ. ಅಲ್ಲೂ ಆಗದಿದ್ದರೆ ನೇಗಿಲು." ಗುರುಸಿದ್ದಮ್ಮ ಮುಂದಿನ ಗುರುವಾರ ಬುತ್ತಿ ಕಟ್ಟಿಕೊಟ್ಟಳು.

ಆವತ್ತು ಪೂಜೆಯಲ್ಲಿ ಅವನು ಬಾಯಿ ಬಿಡಲಿಲ್ಲ. ಗಂಟನ್ನು ಬಸ್ಸಿನ ಮೇಲೆ ಹಾಕಿಸಿ ಮಡಿಕೇರಿ ಮೇಲೆ ಕುಟ್ಟಕ್ಕೆ ಹೊರಟ. ಕಿಟಕಿಯ ಹತ್ತಿರವೇ ಜಾಗ ಸಿಕ್ಕಿತ್ತು. ಆದರೂ ಕೂರಲಾಗದು. ಎಡಕ್ಕೆ ಸರಿದ, ಬಲಕ್ಕೆ ಸರಿದ. ಪಕ್ಕದವನು, "ಏನ್ರೀ, ಸೀಟಲ್ಲಿ ಇರುವೆ ಇದೆಯಾ?" ಅಂದ. ಹಣ್ಣು ಅಳೆಯುವ ಹೊತ್ತಿಗೆ ಇನ್ನೆಷ್ಟಿದೆ ಅಂತ ಮನಸ್ಸು ತಾನಾಗಿ ಬಿಸಿಲು ನೋಡುತ್ತಿತ್ತು. ಮಾದಾಪುರ ಬಂದದ್ದೇ, "ಇಳಿಸಿ, ಇಳಿಸಿ!" ಅಂತ ಕೂಗಿ, ಗಂಟು ಇಳಿಸಿಕೊಂಡು ಬಂದ ದಾರಿಯಲ್ಲೇ ಬಿರಬಿರನೆ ನಡೆದ.

ತೋಟ ಮುಟ್ಟಿದಾಗ ಮೈಯೆಲ್ಲ ಬೆವರು, ಧೂಳು. ಗೇಟಿನವನು ಕೈ ಅಡ್ಡ ಹಿಡಿದ. "ಚೀಟಿ?"

"ನಾನೆಲ್ಲಿ ಒಳಗೆ ಬಂದೆ?" ಅಂದು ಕಲ್ಲೇಶಪ್ಪ ಚರಂಡಿಯ ಈಚೆ, ರಸ್ತೆಯ ಅಂಚಿನಲ್ಲಿ ಗಂಟು ಬಿಚ್ಚಿದ.

ಅಳತೆ ಮುಗಿಸಿ ಮುತ್ತಿ ಮೊದಲು ಬಂದಳು. ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಜಗ್ಗಿದಳು, ಬೇಲಿಯ ಮುಳ್ಳಿಗೆ ಸಿಕ್ಕಿಸಿ ಎಳೆದಳು. ಹರಿಯಲಿಲ್ಲ. "ಬನ್ನಿರೇ!" ಅಂತ ಕೂಗಿದಳು. ಹೆಂಗಸರು ಚರಂಡಿ ದಾಟಿ ಬಂದರು.

ಗದ್ದಲ ಕೇಳಿ ಅಪ್ಪಯ್ಯ ಬಂದ. "ಏನಿದು?"

"ಇದು ಸರ್ಕಾರಿ ರಸ್ತೆ ರೈಟ್ರೇ."

ಅಪ್ಪಯ್ಯ ಬಂಗಲೆಯ ಕಡೆ ಒಮ್ಮೆ ನೋಡಿದ, ರಸ್ತೆಯ ಕಡೆ ಒಮ್ಮೆ ನೋಡಿದ. "ಹೌದು, ಸರ್ಕಾರದ್ದು," ಅಂದು ಪುಸ್ತಕ ಕಂಕುಳಿಗೆ ಸಿಕ್ಕಿಸಿಕೊಂಡು ಒಳಗೆ ಹೋದ.

ಎರಡು ಥಾನೂ ಮುಗಿದವು. ಕೆಂಚಿಗೆ ಸಿಗಲಿಲ್ಲ, ಅವಳು ಮುಖ ಊದಿಸಿಕೊಂಡಳು. ಕಲ್ಲೇಶಪ್ಪ ಅವಳ ಸೊಂಟದ ಸುತ್ತಳತೆಗೆ ಎಷ್ಟು ಮೊಳ ಬೇಕು ಅಂತ ಕೇಳಿಕೊಂಡು, ಮರೆಯದ ಹಾಗೆ ಅದನ್ನೇ ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಪೇಟೆಯ ದಾರಿ ಹಿಡಿದ.